ಕನ್ನಡದ ಕಿರುಗವಿತೆ ಮತ್ತು ಮಂಗಳೂರು: ಗತಿ, ಅಂಕಿತ, ಅಚ್ಚು

ಕಾಲವನ್ನು ಅಳೆಯುವಲ್ಲಿ ನಮ್ಮ ಪೂರ್ವಿಕರು ತೋರಿದ ಸೂಕ್ಷ್ಮತೆ ವಿಸ್ಮಯಕರವಾದುದು. 18 ನಿಮೇಷಗಳಿಗೆ ಒಂದು ಕಾಷ್ಠೆ, 30 ಕಾಷ್ಠೆಗಳಿಗೆ ಒಂದು ಕಲೆ, 30 ಕಲೆಗಳಿಗೆ ಒಂದು ಕ್ಷಣ, 12 ಕ್ಷಣಗಳಿಗೆ ಒಂದು ಮುಹೂರ್ತವೆಂದು ಅಮರಸಿಂಹನು ತನ್ನ ಕೋಶದಲ್ಲಿ ಲೆಕ್ಕ ಹೇಳಿದ್ದಾನೆ. ಒಂದು ಅಹೋರಾತ್ರಿಗೆ 30 ಮುಹೂರ್ತಗಳಾದುದರಿಂದ ಅವನ ಒಂದು ಕ್ಷಣವು ನಮ್ಮ ಗಡಿಯಾರದ 4 ನಿಮಿಷಗಳಿಗೆ ಸಮನಾಗುತ್ತದೆ. ಮಿಂಚು ಹೊಳೆದು ಮಾಯವಾಗುವುದು, ಹೆಂಚಿನ ಅಂಚಿನಿಂದ ಮಳೆಯ ಹನಿ ಕಳಚುವುದು, ಎದುರಿಗೆ ಬಂದವರ ಮುಖದಲ್ಲಿ ಒಂದು ಭಾವ ಸುಳಿದು ಹೋಗುವುದು ಮೊದಲಾಗಿ ನಾವು ಇಂದು ಕ್ಷಣಿಕವೆಂದು ಕರೆಯುವ ಅನುಭವಗಳೆಲ್ಲ ಆ ಲೆಕ್ಕದಲ್ಲಿ ಕ್ಷಣಕ್ಕಿಂತ ಬಹು ಕೆಳಗಿನ ನಿಮೇಷದ ಪಾಲಿನವು. ಇಂತಹ ನಿಮೇಷವನ್ನು ಮೂರು ನಾಲ್ಕು ಸಾಲುಗಳಲ್ಲಿ ಹಿಡಿದಿಡುವ ಕಿರುಗವಿತೆ ಕನ್ನಡದಲ್ಲಿ ಇಷ್ಟು ಕಾಲ ಹೇಗೆ ಬಾಳಿತು, ಯಾವ ಆಧಾರದಿಂದ ಉಳಿದು ಬಂತು ಎಂಬುದು ವಿಚಾರಾರ್ಹವಾದ ವಿಷಯ. ಈ ವಿಚಾರಕ್ಕೆ ತೊಡಗಿದವರು ಮಂಗಳೂರು ನಗರದತ್ತ ಒಮ್ಮೆ ನೋಡಲೇಬೇಕಾಗುತ್ತದೆ. ಕನ್ನಡದ ಕಿರುಗವಿತೆ ಬಾಯಿಂದ ಬಾಯಿಗೆ ಸಾಗುತ್ತಿದ್ದ ಸ್ಥಿತಿಯಿಂದ ಅಚ್ಚಿನ ಹಾಳೆಗೆ ಬಂದ ಕಥೆಯಲ್ಲಿ ಈ ನಗರದ ಪಾಲು ದೊಡ್ಡದು.

ಮೊದಲು ಪರಂಪರೆಯನ್ನು ಸ್ಥೂಲವಾಗಿ ನೋಡೋಣ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಲಾದ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಕವಿರಾಜಮಾರ್ಗಕ್ಕಿಂತ ಸುಮಾರು ಒಂದೂವರೆ ಶತಮಾನ ಮೊದಲೇ ಒಬ್ಬ ವ್ಯಕ್ತಿಯ ಸ್ವಭಾವವನ್ನು ಮೂರು ಸಾಲುಗಳ ಪದ್ಯದಲ್ಲಿ ಕಂಡರಿಸುವ ಶಕ್ತಿ ಕನ್ನಡಕ್ಕೆ ಕೈವಶವಾಗಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ತ್ರಿಪದಿಯಲ್ಲಿ 11 ಗಣಗಳು. 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದ 9 ವಿಷ್ಣುಗಣ. ಬ್ರಹ್ಮಗಣಕ್ಕೆ 2 ಅಂಶ, ವಿಷ್ಣುಗಣಕ್ಕೆ 3 ಅಂಶದಂತೆ ಎಣಿಸಿದರೆ ಒಟ್ಟು 31 ಅಂಶಗಳಲ್ಲಿ ಕವಿ ಹೇಳಬೇಕಾದುದೆಲ್ಲವೂ ಮುಗಿಯಬೇಕು. ಅಂಶಗಣದ ವೈಶಿಷ್ಟ್ಯವೆಂದರೆ ಅದು ಕಟ್ಟುನಿಟ್ಟಾಗಿದ್ದೂ ಸಡಿಲವಾಗಿರುವುದು. ಒಂದೇ ಗಣವು ಹಲವು ರೂಪಗಳನ್ನು ತಾಳಬಲ್ಲದು; ಕೊರತೆಯನ್ನು ಹಾಡುವ ಕಂಠ ತುಂಬಿಕೊಡುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರು ಶತಮಾನಗಳ ಕಾಲ ತ್ರಿಪದಿಯನ್ನು ಕಟ್ಟಿ ಹಾಡುತ್ತ ಬಂದುದು ಈ ಗುಣದಿಂದಲೇ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ವಿದ್ವಲ್ಲೋಕ ಅದನ್ನು ಹೊಸದೆಂಬಂತೆ ಕಂಡು ಹಿಗ್ಗಿತು. ಹಾಡುತ್ತಿದ್ದವರಿಗೆ ಅದು ನಿತ್ಯದ ಉಸಿರಾಗಿತ್ತು.

ಶಿವಶರಣರ ಪರಂಪರೆಗೂ ಈ ಪುಟ್ಟ ಪದ್ಯ ಹೊರಗಿನದಲ್ಲ. ‘ತ್ರಿವಿಧಿ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಕೃತಿಗಳು ತ್ರಿಪದಿಯಲ್ಲಿಯೇ ರಚಿತವಾಗಿವೆ. ಅಕ್ಕಮಹಾದೇವಿಯ ಹೆಸರಿನಲ್ಲಿ ಬಂದಿರುವ ‘ಯೋಗಾಂಗ ತ್ರಿವಿಧಿ’ಯನ್ನೂ ಸಿದ್ಧರಾಮೇಶ್ವರರ ತ್ರಿವಿಧಿಗಳನ್ನೂ ಭಕ್ತರು ಬಲ್ಲರು. ಇನ್ನು ವಚನಗಳ ಮಾತು. ವಚನವು ಛಂದಸ್ಸಿನ ಕಟ್ಟಿಗೆ ಒಳಪಟ್ಟುದಲ್ಲವಾದರೂ, ಕಣ್ಣೆದುರಿನ ಒಂದು ಸಣ್ಣ ನೋಟದಿಂದ ಹೊರಟು ಅನುಭಾವದ ನೆಲೆಗೆ ಒಮ್ಮೆಲೇ ಏರುವ ಕಿರುವಚನಗಳು 12ನೆಯ ಶತಮಾನದ ದೊಡ್ಡ ಸಿದ್ಧಿಗಳಲ್ಲಿ ಸೇರುತ್ತವೆ. ಆ ಏರಿಕೆಯ ತುದಿಯಲ್ಲಿ ಅಂಕಿತ ನಿಲ್ಲುತ್ತದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಬಂದೊಡನೆ ಅಲ್ಲಿಯವರೆಗಿನ ನಿಮೇಷದ ನೋಟವು ನಿತ್ಯವಾದ ಒಂದರ ಎದುರಿಗೆ ಬಂದು ನಿಲ್ಲುತ್ತದೆ. ಅಂಕಿತವು ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಇದು ಯಾರ ಮಾತೆಂಬುದನ್ನು ಮಾತಿನ ಒಳಗೇ ಹುದುಗಿಸಿಡುತ್ತದೆ. ಅಂಬಿಗರ ಚೌಡಯ್ಯನಂತಹ ಶರಣರು ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಮುಂದೆ ಸರ್ವಜ್ಞನೂ ಹಾಗೆಯೇ ಮಾಡಿದನು. ಓಲೆ ಹರಿದರೂ ಮಠ ಬದಲಾದರೂ ಹೇಳುವ ನಾಲಗೆ ಬೇರೆಯಾದರೂ ಹೆಸರು ಪದ್ಯದ ಜೊತೆಯಲ್ಲಿಯೇ ಸಾಗಿತು.

ಸಂಸ್ಕೃತ ಲಾಕ್ಷಣಿಕರು ಸ್ವಯಂಪೂರ್ಣವಾದ ಒಂಟಿ ಪದ್ಯವನ್ನು ‘ಮುಕ್ತಕ’ವೆಂದು ಕರೆದರು. ಅಮರುಕನ ಒಂದೊಂದು ಮುಕ್ತಕವೂ ಒಂದು ಪ್ರಬಂಧದಷ್ಟು ರಸವನ್ನು ಸುರಿಸುತ್ತದೆಂಬ ಅಭಿಪ್ರಾಯವನ್ನು ಆನಂದವರ್ಧನನು ಧ್ವನ್ಯಾಲೋಕದಲ್ಲಿ ವ್ಯಕ್ತಪಡಿಸಿದ್ದಾನೆ. ಹೀಗಿರುವುದರಿಂದ ಕಿರಿದಾದ ಕವಿತೆ ಕಿರಿಯ ಕವಿತೆಯೆಂಬ ಭಾವನೆ ನಮ್ಮ ಕಾವ್ಯಮೀಮಾಂಸೆಗೆ ಸಮ್ಮತವಾದುದಲ್ಲ. ಆದರೆ ಮುಕ್ತಕಕ್ಕೆ ಒಂದು ಸಹಜವಾದ ಕಷ್ಟವಿದೆ. ಮಹಾಕಾವ್ಯದ ಪದ್ಯವನ್ನು ಅದರ ಕಥೆ ಕಾಪಾಡುತ್ತದೆ, ಹಿಂದಿನ ಮುಂದಿನ ಪದ್ಯಗಳು ಅದಕ್ಕೆ ನೆರೆಹೊರೆಯಾಗಿರುತ್ತವೆ. ಮುಕ್ತಕವು ಒಂಟಿ ಪ್ರಯಾಣಿಕ. ಅದಕ್ಕೆ ಬೆಂಗಾವಲಾಗಿರುವುವು ಎರಡೇ: ನೆನಪಿನಲ್ಲಿ ನಿಲ್ಲುವ ಗತಿ ಮತ್ತು ಒಡೆಯನನ್ನು ಸೂಚಿಸುವ ಅಂಕಿತ.

ಈ ಹಿನ್ನೆಲೆಯಲ್ಲಿ ಮಂಗಳೂರಿನ ಇತಿಹಾಸಕ್ಕೆ ಬರೋಣ. ಬಾಸೆಲ್ ಮಿಶನ್ನಿನವರು 1834ರಲ್ಲಿ ಈ ಊರಿಗೆ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು. ಕನ್ನಡದ ಮೊದಲ ಪತ್ರಿಕೆಯೆಂಬ ಕೀರ್ತಿ ಅದರದು. ಇದೇ ಮೋಗ್ಲಿಂಗ್ 1848ರಿಂದ ಕೆಲವು ವರ್ಷಗಳ ಕಾಲ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಕನ್ನಡದ ಪ್ರಾಚೀನ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಬಸವಪುರಾಣ, ಚನ್ನಬಸವಪುರಾಣ, ಜೈಮಿನಿಭಾರತಗಳಂತಹ ದೊಡ್ಡ ಕಾವ್ಯಗಳು ಆ ಮಾಲೆಯಲ್ಲಿ ಬೆಳಕು ಕಂಡವು. ದಾಸರ ಪದಗಳೂ ಅಚ್ಚಾದವು. ವೀರಶೈವ ಪುರಾಣಗಳು ಅರಬ್ಬೀ ಸಮುದ್ರದ ತಡಿಯಲ್ಲಿ ಕ್ರೈಸ್ತ ಪಾದ್ರಿಗಳ ಕೈಯಿಂದ ಮೊದಲು ಅಚ್ಚನ್ನು ಕಂಡವೆಂಬುದು ಎರಡೂ ಕಡೆಯವರಿಗೆ ಗೌರವದ ಸಂಗತಿ. 1868ರಲ್ಲಿ ವೂರ್ತ್ ಅವರ ‘ಪ್ರಾಕ್ಕಾವ್ಯಮಾಲಿಕೆ’ ಎಂಬ ಸಂಕಲನವೂ ಮಂಗಳೂರಿನಿಂದಲೇ ಹೊರಬಂತು.

ಆದರೆ ಒಂದನ್ನು ಇಲ್ಲಿ ಗಮನಿಸಬೇಕು. ಅಚ್ಚಿನ ಮನೆಗೆ ಮೊದಲು ಪ್ರವೇಶ ದೊರೆತುದು ಷಟ್ಪದಿಯ ದೀರ್ಘ ಕಾವ್ಯಗಳಿಗೆ. ಹಾಡಿಗೆ ಒದಗುವ ಪದಗಳು ಅವುಗಳ ಹಿಂದೆ ಬಂದವು. ಒಂಟಿಯಾಗಿ ಓಡಾಡುತ್ತಿದ್ದ ತ್ರಿಪದಿ ಹೊರಗೆಯೇ ನಿಂತಿತ್ತು. ಅದಕ್ಕೆ ಶಾಸ್ತ್ರದ ಬಾಗಿಲನ್ನು ತೆರೆದವರು ಫರ್ಡಿನೆಂಡ್ ಕಿಟ್ಟೆಲ್. 1875ರಲ್ಲಿ ಅವರು ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಬ್ರಹ್ಮ, ವಿಷ್ಣು, ರುದ್ರ ಗಣಗಳ ವಿವರಣೆಯೂ ತ್ರಿಪದಿಯೇ ಮೊದಲಾದ ಕರ್ಣಾಟಕ ವಿಷಯಜಾತಿಗಳ ಲಕ್ಷಣವೂ ಆಧುನಿಕ ವಿದ್ಯಾರ್ಥಿಗೆ ಪುಸ್ತಕರೂಪದಲ್ಲಿ ದೊರೆಯುವಂತಾಯಿತು. 1894ರಲ್ಲಿ ಇದೇ ನಗರದಲ್ಲಿ ಪ್ರಕಟವಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯಪ್ರಯೋಗಗಳ ಜೊತೆಗೆ ಗಾದೆಗಳೂ ಹೇರಳವಾಗಿ ಸೇರಿದವು. ಜನರ ಬಾಯಲ್ಲಿ ತುಂಡು ತುಂಡಾಗಿ ಬಾಳುವ ಮಾತಿಗೂ ಪ್ರಮಾಣದ ಸ್ಥಾನವುಂಟೆಂಬುದನ್ನು ಆ ನಿಘಂಟು ಆಚರಣೆಯಿಂದ ತೋರಿಸಿಕೊಟ್ಟಿತು.

ಕಿಟ್ಟೆಲ್ಲರು ಲಕ್ಷಣವನ್ನು ಒದಗಿಸಿದರೆ, ಲಕ್ಷ್ಯವನ್ನು ಒದಗಿಸಿದವರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು (1881–1962). ಧಾರವಾಡದ ನೆಲದಲ್ಲಿ ಹುಟ್ಟಿದ ಅವರು ದೈವಶಾಸ್ತ್ರದ ಅಧ್ಯಯನಕ್ಕಾಗಿ ಬಂದುದು ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಗೆ. ಬಲ್ಮಠದ ಗುಡ್ಡದ ಮೇಲಿನ ಆ ವಿದ್ಯಾಲಯದಲ್ಲಿ ಶಿಕ್ಷಣ ಪಡೆದು, ಉತ್ತರ ಕರ್ನಾಟಕದಲ್ಲಿ ಸಭಾಪಾಲಕರಾಗಿ ಸೇವೆ ಸಲ್ಲಿಸುತ್ತ, ಓಲೆಯ ಪ್ರತಿಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟವಾಯಿತು. ಅವರು ಮುಂದೆ ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಸಮರ್ಥಿಸಿ ಬರೆದುದನ್ನೂ ಸಿದ್ಧರಾಮೇಶ್ವರರ ಸಾಹಿತ್ಯವನ್ನು ಸಂಗ್ರಹಿಸಿದುದನ್ನೂ 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದುದನ್ನೂ ವಾಚಕರು ಬಲ್ಲರು.

ಸರ್ವಜ್ಞನ ಸಂಪಾದನೆಯಲ್ಲಿ ಉತ್ತಂಗಿಯವರ ಮುಂದೆ ಇದ್ದ ಕಷ್ಟವೇ ಕಿರುಗವಿತೆಯ ಮೂಲಭೂತವಾದ ಕಷ್ಟ. ಸಾವಿರಕ್ಕೂ ಮಿಕ್ಕ ಪದ್ಯಗಳಿಗೆ ಕಥಾಸೂತ್ರವಿಲ್ಲ. ಮೊದಲು ಯಾವುದು, ಕೊನೆ ಯಾವುದೆಂಬ ನಿಯಮವಿಲ್ಲ. ಒಂದೇ ಪದ್ಯ ಒಂದೊಂದು ಊರಿನಲ್ಲಿ ಒಂದೊಂದು ಪಾಠವಾಗಿರುತ್ತದೆ. ಗತಿ ಅಷ್ಟು ಸುಲಭವಾಗಿ ನಾಲಗೆಗೆ ಒದಗುವುದರಿಂದ ಬೇರೆಯವರೂ ಅದೇ ಧಾಟಿಯಲ್ಲಿ ಪದ್ಯ ಕಟ್ಟಿ ಅದೇ ಅಂಕಿತವನ್ನು ಇಡಬಲ್ಲರು. ಅಂಕಿತವು ಹೆಸರನ್ನು ಕಾಪಾಡಿತು; ಅದೇ ಅಂಕಿತ ಪರರ ಪದ್ಯಗಳನ್ನೂ ತನ್ನ ಮನೆಯೊಳಗೆ ಬರಮಾಡಿಕೊಂಡಿತು. ಅಂಕಿತವಿದ್ದ ಮಾತ್ರಕ್ಕೆ ಪದ್ಯದ ಕರ್ತೃತ್ವ ಸಿದ್ಧವಾಗದೆಂಬ, ಆದರೆ ಅಂಕಿತವೇ ಇಲ್ಲದಿದ್ದರೆ ಕರ್ತೃವನ್ನು ಹುಡುಕುವ ದಾರಿಯೇ ಮುಚ್ಚಿಹೋಗುವುದೆಂಬ ಎರಡು ಪಾಠಗಳನ್ನು ನಾವು ಇದರಿಂದ ಕಲಿಯಬೇಕು.

ವಚನಪಿತಾಮಹ ಫ. ಗು. ಹಳಕಟ್ಟಿಯವರ ಶ್ರಮವೂ ಇದೇ ಕಾಲದ್ದು. ಅವರು ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಮುದ್ರಣಕ್ಕಾಗಿ ಮೊದಲು ಮಂಗಳೂರಿಗೆ ಕಳುಹಿಸಿದರೆಂದೂ ಅದು ಅಚ್ಚಾಗದೆ ಹಿಂದಿರುಗಿತೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಗ್ರಂಥದ ಮೊದಲ ಭಾಗ 1923ರಲ್ಲಿ ಬೇರೆಡೆಯಿಂದ ಬೆಳಕು ಕಂಡಿತು. ಒಂದು ವರ್ಷದ ಅಂತರದಲ್ಲಿ ವಚನಗಳೂ ಸರ್ವಜ್ಞನ ತ್ರಿಪದಿಗಳೂ ಅಚ್ಚಿನಲ್ಲಿ ನೆಲೆಗೊಂಡವು. ಕನ್ನಡದ ಸಣ್ಣ ರಚನೆಗಳು ಕಂಠದಿಂದ ಕಾಗದಕ್ಕೆ ದಾಟಿದ ಘಟ್ಟ ಇದೆಂದು ಹೇಳಬಹುದು.

ಈ ದಾಟುವಿಕೆಯ ಪರಿಣಾಮ ಪದ್ಯದ ಕಟ್ಟಿನ ಮೇಲೂ ಆಗತೊಡಗಿತ್ತು. ಮಂಜೇಶ್ವರದಲ್ಲಿ 1883ರಲ್ಲಿ ಜನಿಸಿ ಅಲ್ಲಿಯೇ ನೆಲೆಸಿದ ಎಂ. ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತೊರೆದು ಕವಿತೆ ಬರೆದರು. ಅಂದಿನ ವಿದ್ವಾಂಸರಿಗೆ ಇದು ಕಾವ್ಯಧರ್ಮಕ್ಕೆ ಚ್ಯುತಿಯೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಪೈಗಳ ಮನೆಮಾತು ಕೊಂಕಣಿ. ಕನ್ನಡವನ್ನು ಅವರು ಪಾಂಡಿತ್ಯದಿಂದಲೂ ಪ್ರೀತಿಯಿಂದಲೂ ತಮ್ಮದಾಗಿಸಿಕೊಂಡವರು. ಸಾಲಿನ ಆದಿಯಲ್ಲಿ ಒಂದೇ ವ್ಯಂಜನ ಮರಳಿ ಬರಬೇಕೆಂಬ ಕಟ್ಟಳೆ ಕಿವಿಯ ನೆನಪಿಗೆ ನೆರವಾಗಿತ್ತು. ಕಣ್ಣಿನಿಂದ ಓದುವ ಕಾಲದಲ್ಲಿ ಅದು ಅನೇಕ ವೇಳೆ ಅನವಶ್ಯಕ ಪದಗಳನ್ನು ತುಂಬಲು ಕಾರಣವಾಗುತ್ತಿತ್ತು. ನಾಲ್ಕೇ ಸಾಲಿನ ಕವಿತೆಯಲ್ಲಿ ಒಂದು ವ್ಯರ್ಥಪದವೂ ಭಾರವೇ. ಆದುದರಿಂದ ಪ್ರಾಸತ್ಯಾಗದ ಲಾಭ ದೀರ್ಘಕವಿತೆಗಿಂತ ಕಿರುಗವಿತೆಗೆ ಹೆಚ್ಚೆಂಬುದು ನನ್ನ ಅಭಿಪ್ರಾಯ. ಹಾಗೆಂದು ಹಳೆಯ ಪ್ರಾಸ ಸತ್ತುಹೋಗಲಿಲ್ಲ. 1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದ 945 ಮುಕ್ತಕಗಳಲ್ಲಿ ಆದಿಪ್ರಾಸವೂ ಇದೆ, ಅಂಕಿತವೂ ಇದೆ. ಇಂದಿಗೂ ಕಗ್ಗದ ಪದ್ಯಗಳು ಕಂಠಸ್ಥವಾಗಿ ಕರ್ತೃವಿನ ಹೆಸರಿನೊಡನೆಯೇ ಹರಿದಾಡುತ್ತಿರುವುದಕ್ಕೆ ಈ ಎರಡರ ನೆರವು ಕಡಿಮೆಯದಲ್ಲ.

ಕರಾವಳಿಯಲ್ಲಿ ಕಿರುಗವಿತೆ ಬೇರೊಂದು ದಾರಿ ಹಿಡಿಯಿತು. ಅಂಕೋಲೆಯ ದಿನಕರ ದೇಸಾಯಿಯವರು (1909–1982) ತಮ್ಮ ‘ಜನಸೇವಕ’ ವಾರಪತ್ರಿಕೆಯ ಮೂಲಕ ನಾಲ್ಕು ಸಾಲಿನ ಚುಟುಕವನ್ನು ಮನೆಮಾತಾಗಿಸಿದರು. ಅವರ ಪದ್ಯಗಳಲ್ಲಿ ಆದಿಪ್ರಾಸದ ಸ್ಥಾನಕ್ಕೆ ಅಂತ್ಯಪ್ರಾಸ ಬಂತು. ವಾರದ ಸುದ್ದಿ, ರೈತರ ಕಷ್ಟ, ಅಧಿಕಾರದ ಆಡಂಬರಗಳೇ ವಸ್ತುವಾದವು. ಅವರ ಅನಂತರದ ತಲೆಮಾರಿನಲ್ಲಿ ಹನಿಗವನವೆಂಬ ಹೆಸರು ನೆಲೆಗೊಂಡಿತು. ಕುಂದಾಪುರದ ಬಳಿಯ ಹಟ್ಟಿಕುದ್ರುವಿನಲ್ಲಿ 1956ರಲ್ಲಿ ಜನಿಸಿದ ಎಚ್. ಡುಂಡಿರಾಜರು ಈ ಪ್ರಕಾರವನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಅವರು ಮಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿದ್ದ ಕಾರ್ಪೊರೇಷನ್ ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದವರು. ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಒಡೆದು ತೋರಿಸುವ ಶ್ಲೇಷೆ ಅವರ ಹನಿಗವನದ ಮುಖ್ಯ ಸಾಧನ. ಇದು ಹಗುರವಾದ ಆಟವೆಂದು ಕೆಲವರು ಮೂಗು ಮುರಿಯುವುದುಂಟು. ಆದರೆ ಶ್ಲೇಷೆಯೂ ನಿಮೇಷದ ಕಲೆಯೇ ಸರಿ. ಕೇಳುಗನ ಮನಸ್ಸು ಒಂದು ಅರ್ಥದಿಂದ ಮತ್ತೊಂದಕ್ಕೆ ಹಾರುವ ಆ ಕಿರಿದಾದ ಹೊತ್ತಿನಲ್ಲಿಯೇ ಅದರ ಜೀವವಿದೆ. ಹಾರಿದ ಮೇಲೆ ಮನಸ್ಸಿನಲ್ಲಿ ಏನಾದರೂ ಉಳಿಯುವುದೇ ಎಂಬುದು ಮಾತ್ರ ಕವಿಯ ಯೋಗ್ಯತೆಗೆ ಸೇರಿದ ಪ್ರಶ್ನೆ.

ಈಚೆಗೆ ನಮ್ಮ ಯುವಕವಿಗಳಿಗೆ ಜಪಾನಿನ ಹಾಯ್ಕುವಿನ ಮೇಲೆ ಒಲವು ಹೆಚ್ಚಿದೆ. ಜಪಾನಿನ ಸಾಹಿತ್ಯ ಈ ತೀರಕ್ಕೆ ಅಪರಿಚಿತವಲ್ಲ. ಅಲ್ಲಿಯ ನೋ ನಾಟಕಗಳನ್ನು ಗೋವಿಂದ ಪೈಗಳೇ ಕನ್ನಡಿಸಿದ್ದರು. ಬಾಷೋ (1644–1694) ಎತ್ತರಕ್ಕೆ ಏರಿಸಿದ, 19ನೆಯ ಶತಮಾನದ ಕೊನೆಯಲ್ಲಿ ಮಸಾವೋಕ ಶಿಕಿ ಹಾಯ್ಕು ಎಂಬ ಹೆಸರಿನಿಂದ ನೆಲೆಗೊಳಿಸಿದ ಆ ಪ್ರಕಾರಕ್ಕೆ 5, 7, 5 ಎಂದು ಒಟ್ಟು 17 ಧ್ವನಿಮಾನಗಳ ಅಳತೆಯಿದೆ. ಋತುವನ್ನು ಸೂಚಿಸುವ ಒಂದು ಪದವೂ ಭಾವವನ್ನು ನಡುವೆ ತಡೆದು ನಿಲ್ಲಿಸುವ ಒಂದು ಪದವೂ ಅದರಲ್ಲಿರುವುದು ವಾಡಿಕೆ. ನಮ್ಮಲ್ಲಿ ಹಲವರು ಈ 17ನ್ನು ಅಕ್ಷರಗಳೆಂದು ಎಣಿಸುತ್ತಾರೆ. ಜಪಾನೀ ಭಾಷೆಯಲ್ಲಿ ದೀರ್ಘಸ್ವರಕ್ಕೆ ಎರಡು ಮಾನ, ಅನುನಾಸಿಕಕ್ಕೆ ಪ್ರತ್ಯೇಕವಾಗಿ ಒಂದು ಮಾನ. ಅಂದರೆ ಅದು ನಮ್ಮ ಅಕ್ಷರಕ್ಕಿಂತ ನಮ್ಮ ಮಾತ್ರೆಗೆ ಹತ್ತಿರವಾದುದು. ಹಾಗೆ ಎಣಿಸಿದರೆ ‘ಮಂಗಳೂರು’ ಎಂಬ ನಾಲ್ಕಕ್ಷರದ ಹೆಸರಿಗೇ 6 ಮಾತ್ರೆಗಳಾಗಿ, ಹಾಯ್ಕುವಿನ ಮೊದಲ ಸಾಲು ಆ ಊರಿನ ಹೆಸರನ್ನು ಸಹ ಹಿಡಿಸಲಾರದು! ಪ್ರತ್ಯಯಗಳಿಂದ ನೀಳವಾಗುವ ಕನ್ನಡಪದಗಳಿಗೆ ಆ ಅಳತೆ ಬಹು ಇಕ್ಕಟ್ಟು. ಹೊರಗಿನ ಸಂಖ್ಯೆಯನ್ನು ತಂದುಕೊಂಡ ಮಾತ್ರಕ್ಕೆ ಹೊರಗಿನ ಸೊಗಸು ಬಾರದು. ಆ ಸೊಗಸಿಗೆ ತಕ್ಕ ಗತಿಯನ್ನು ನಮ್ಮ ನುಡಿಯ ಒಳಗಿನಿಂದಲೇ ಹುಡುಕಬೇಕು.

ಈ ಹುಡುಕಾಟಕ್ಕೆ ಬೇಕಾದ ದೀಪವೂ ಮಂಗಳೂರಿನಲ್ಲಿಯೇ ಹೊತ್ತಿತ್ತು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದ ಸೇಡಿಯಾಪು ಕೃಷ್ಣಭಟ್ಟರು (1902–1996) ಛಂದಸ್ಸನ್ನು ಗಣಗಳ ಎಣಿಕೆಯಷ್ಟಕ್ಕೇ ನಿಲ್ಲಿಸದೆ, ಪದ್ಯ ನಡೆಯುವ ಬಗೆಯನ್ನು, ಅಂದರೆ ಅದರ ಗತಿಯನ್ನು, ಜೀವಮಾನವಿಡೀ ಶೋಧಿಸಿದರು. ಅವರ ‘ಛಂದೋಗತಿ’ ಆ ತಪಸ್ಸಿನ ಫಲ. 1994ರ ಪಂಪ ಪ್ರಶಸ್ತಿ ಅವರಿಗೆ ಸಂದಿತು. ಕಿಟ್ಟೆಲ್ಲರಿಂದ ಸೇಡಿಯಾಪು ಅವರವರೆಗೆ ಒಂದೇ ನಗರದಲ್ಲಿ, ಬೇರೆ ಬೇರೆ ಮತ ಮತ್ತು ಮನೆಮಾತುಗಳ ವಿದ್ವಾಂಸರು, ಕನ್ನಡದ ಪದ್ಯ ಹೇಗೆ ನಡೆಯುತ್ತದೆಂಬ ಒಂದೇ ಪ್ರಶ್ನೆಗೆ ಕಿವಿಗೊಟ್ಟುದು ಅಪೂರ್ವವಾದುದು. ಕಿರುಗವಿತೆಯನ್ನು ಬರೆಯಹೊರಟ ವಿದ್ಯಾರ್ಥಿಯು ತ್ರಿಪದಿಯ ನಡೆಯನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿದರೆ ಈ ಶೋಧದ ಪ್ರಯೋಜನ ಅವನಿಗೆ ತಾನಾಗಿ ತಿಳಿದೀತು.

ಗತಿಯ ಮಾತು ಹೀಗಾಯಿತು. ಅಂಕಿತದ ಗತಿಯೇನು? ಅಚ್ಚು ಬಂದ ಮೇಲೆ ಕವಿಯ ಹೆಸರು ಪದ್ಯದಿಂದ ಹೊರಗೆ ಬಂದು ಅದರ ಕೆಳಗೋ ಮೇಲೋ ನಿಂತಿತು. ಪುಸ್ತಕ ಕೈಯಲ್ಲಿರುವವರೆಗೆ ಇದರಿಂದ ಹಾನಿಯಿಲ್ಲ. ಆದರೆ ಹನಿಗವನದ ಸ್ವಭಾವವೇ ಬಾಯಿಂದ ಬಾಯಿಗೆ ಹಾರುವುದು. ಭಾಷಣಕಾರನು ಅದನ್ನು ಹೇಳಿ ಸಭೆಯನ್ನು ನಗಿಸುತ್ತಾನೆ. ಮದುವೆಯ ಮನೆಯಲ್ಲಿ ಯಾರೋ ಅದನ್ನು ನೆನೆಯುತ್ತಾರೆ. ಇಂದು ಮೊಬೈಲ್ ದೂರವಾಣಿಯಲ್ಲಿ ಒಂದು ಗಳಿಗೆಯಲ್ಲಿ ಅದು ನೂರು ಕೈಗಳನ್ನು ದಾಟುತ್ತದೆ. ಹೀಗೆ ದಾಟುವ ಮೊದಲ ಹೆಜ್ಜೆಯಲ್ಲಿಯೇ ಹೊರಗೆ ನಿಂತ ಹೆಸರು ಕಳಚಿ ಬೀಳುತ್ತದೆ. ಅಚ್ಚು ಬಂದಿತೆಂದು ನಾವು ಅಂಕಿತವನ್ನು ಬಿಟ್ಟೆವು. ಅಚ್ಚನ್ನು ಬಿಟ್ಟು ಕವಿತೆ ಮತ್ತೆ ಬಾಯಿಗೆ ಹೋದಾಗ ಅದಕ್ಕೆ ಅಂಕಿತವಿಲ್ಲ. ಸರ್ವಜ್ಞನ ಹೆಸರಿನಲ್ಲಿ ಪರರ ಪದ್ಯಗಳು ಸೇರಿದುದು ಹಿಂದಿನ ಕಾಲದ ತೊಡಕು. ಯಾರ ಹೆಸರೂ ಇಲ್ಲದೆ ಅಲೆಯುವ, ಇಲ್ಲವೇ ಪ್ರಸಿದ್ಧರೊಬ್ಬರ ತಲೆಗೆ ಕಟ್ಟಲ್ಪಡುವ ಹನಿಗವನಗಳು ನಮ್ಮ ಕಾಲದ ತೊಡಕು. ಮುಂದಿನ ಶತಮಾನದ ಸಂಪಾದಕನ ಪಾಡು ಉತ್ತಂಗಿಯವರದಕ್ಕಿಂತ ಕಠಿಣವಾದೀತು. ಅವರಿಗೆ ಪರೀಕ್ಷಿಸಲು ಒಂದು ಅಂಕಿತವಾದರೂ ಇತ್ತು.

ಆದುದರಿಂದ ಸಾಹಿತ್ಯದ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳ ಮೂಲೆಗಳಲ್ಲಿ ಅಚ್ಚಾದ ಚುಟುಕ, ಹನಿಗವನಗಳನ್ನು ಪತ್ರಿಕೆಯ ಹೆಸರು, ಸಂಚಿಕೆ, ತಾರೀಖುಗಳೊಡನೆ ಬರೆದಿಡಬೇಕು. ಪತ್ರಿಕೆಯ ಅಗ್ಗದ ಕಾಗದ ಓಲೆಗರಿಯಷ್ಟು ಕಾಲ ಬಾಳುವುದಿಲ್ಲ. ಹೇಳುವಾಗ ಕವಿಯ ಹೆಸರನ್ನು ಸೇರಿಸಿಯೇ ಹೇಳುವ ಸದಾಚಾರವನ್ನು ರೂಢಿಸಿಕೊಳ್ಳಬೇಕು. ಬರೆಯುವವರು ಅಂಕಿತದ ಹಳೆಯ ಪದ್ಧತಿಯನ್ನು ಹೊಸ ಕಣ್ಣಿನಿಂದ ಪರಿಶೀಲಿಸಬಹುದು. ಶರಣರು ಅಂಕಿತವನ್ನು ಇಟ್ಟುದು ಕೀರ್ತಿಯ ಆಸೆಯಿಂದಲ್ಲ. ಆಡಿದ ಮಾತಿಗೆ ತಾನು ಹೊಣೆಯೆಂಬ ಭಾವ ಅದರಲ್ಲಿತ್ತು, ಆ ಹೊಣೆಯನ್ನು ಇಷ್ಟದೈವದ ಸಾಕ್ಷಿಯಲ್ಲಿ ಹೊರುವ ವಿನಯವಿತ್ತು. ಎರಡು ನಿಮೇಷಗಳಲ್ಲಿ ಹೇಳಿ ಮುಗಿಯುವ ಕವಿತೆಗೂ ಅಂತಹ ಹೊಣೆ ಸಲ್ಲುತ್ತದೆ. ಬಾದಾಮಿಯ ಬಂಡೆಯ ಮೇಲಿನ ಮೂರು ಸಾಲುಗಳು ಸಾವಿರದ ಮುನ್ನೂರು ವರ್ಷಗಳ ಅನಂತರವೂ ಕಪ್ಪೆ ಅರಭಟ್ಟನನ್ನು ಹೆಸರು ಹಿಡಿದು ಕರೆಯುತ್ತಿವೆ. ಅವನ ಹೆಸರು ಆ ಶಾಸನದ ಒಳಗೇ ಇದೆ.